ಭುಜದ ಸ್ನಾಯುಗಳ ನೋವು ಮತ್ತು ವ್ಯಾಯಾಮ ಚಿಕಿತ್ಸೆ

ಸ್ಮರಣ ಸಂಚಿಕೆಗೆ ತಮ್ಮ ವೃತ್ತಿಗೆ ಸಂಬಂಧಿಸಿದ ಲೇಖನವೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಭೌತಚಿಕಿತ್ಸೆಯ ವಿಶಾಲ ಕ್ಷೇತ್ರದಲ್ಲಿ ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾನು ಬಹಳ ಹೊತ್ತು ಯೋಚಿಸಬೇಕಾಗಲಿಲ್ಲ. ಇದೇ ಶಾಲೆಯಲ್ಲಿ ನನಗೆ ರೇಖಾಗಣಿತವನ್ನು ಕಲಿಸಿದ ಗುರುಗಳೊಬ್ಬರು, ನಿವೃತ್ತಿಗೆ ಇನ್ನೂ ಮೂರು ವರ್ಷಗಳಿರುವಾಗ ಬಲಭುಜದ ನೋವಿನಿಂದ ನನ್ನಲ್ಲಿಗೆ ಬಂದಿದ್ದರು. ಆರು ತಿಂಗಳಿಂದ ಅವರ ತೋಳು ಹೆಗಲಿನ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕರಿಹಲಗೆಯ ಕೆಳಭಾಗದಲ್ಲಷ್ಟೇ ಬರೆಯುತ್ತಿದ್ದರು; ಹಿಂದಿನ ಸಾಲಿನ ಹುಡುಗರಿಗೆ ಅದು ಕಾಣುತ್ತಿರಲಿಲ್ಲ. "ತಮ್ಮಾ, ಹಲಗೆಯ ಮೇಲಿನ ಅರ್ಧ ನನ್ನ ಪಾಲಿಗೆ ಇಲ್ಲದಾಯಿತು. ಇನ್ನು ಸ್ವಯಂನಿವೃತ್ತಿ ತೆಗೆದುಕೊಳ್ಳುವುದೇ ಲೇಸು" ಎಂದರು. ವೃತ್ತ, ತ್ರಿಭುಜಗಳನ್ನು ಉಪಕರಣದ ಹಂಗಿಲ್ಲದೆ ಒಂದೇ ಬೀಸಿನಲ್ಲಿ ಬರೆಯುತ್ತಿದ್ದ ಆ ಕೈಯನ್ನು ಕಂಡವರಿಗೆ ಆ ಮಾತಿನ ಭಾರ ತಿಳಿದೀತು.

ಭುಜದ ನೋವು ಶಿಕ್ಷಕರ ಸ್ವತ್ತೇನೂ ಅಲ್ಲ. ದಾಸೋಹದ ಅಡುಗೆಮನೆಯಲ್ಲಿ ಕೊಪ್ಪರಿಗೆಯೊಳಗೆ ಸೌಟಾಡಿಸುವವರು, ದಿನಕ್ಕೆ ನೂರಾರು ರೊಟ್ಟಿ ಬಡಿಯುವ ತಾಯಂದಿರು, ಹೆಗಲ ಮೇಲೆ ಚೀಲ ಹೊರುವ ಹಮಾಲರು, ವಾಲಿಬಾಲ್ ಆಟದಲ್ಲಿ ಚೆಂಡನ್ನು ಮೇಲಿನಿಂದ ಹೊಡೆಯುವ ಹುಡುಗರು, ಎಲ್ಲರೂ ಈ ಬಾಧೆಗೆ ಗುರಿಯಾಗತಕ್ಕವರೇ. ಆದರೂ ಇದರ ಬಗ್ಗೆ ನಮ್ಮ ಜನರಲ್ಲಿರುವ ತಿಳಿವಳಿಕೆ "ವಾಯು ಹಿಡಿದಿದೆ" ಎಂಬಲ್ಲಿಗೆ ಮುಗಿಯುತ್ತದೆ. ನೋವು ಬಂದೊಡನೆ ಕೈಯನ್ನು ಕೊರಳಿಗೆ ಕಟ್ಟಿ ಅಲುಗಾಡಿಸದೆ ಇಡುವುದು ಒಂದು ಪದ್ಧತಿ. ಉಳುಕು ತೆಗೆಯುವವರಲ್ಲಿಗೆ ಹೋಗಿ ಜಗ್ಗಿಸಿಕೊಳ್ಳುವುದು ಇನ್ನೊಂದು. ಎರಡೂ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ದಾರಿಗಳೆಂಬುದನ್ನು ಭುಜದ ರಚನೆಯೇ ಹೇಳುತ್ತದೆ.

ತೊಡೆಯ ಕೀಲಿನಲ್ಲಿ ಎಲುಬಿನ ಗೋಲವು ಆಳವಾದ ಬಟ್ಟಲಿನಲ್ಲಿ ಕುಳಿತಿದೆ. ಭುಜದಲ್ಲಿ ಹಾಗಿಲ್ಲ. ರಟ್ಟೆಯೆಲುಬಿನ ತುದಿಯ ಗೋಲ ದೊಡ್ಡದು, ಅದು ಕೂಡುವ ಹೆಗಲೆಲುಬಿನ ಕುಳಿ ಚಿಕ್ಕದು ಮತ್ತು ಬಹುಮಟ್ಟಿಗೆ ಚಪ್ಪಟೆಯಾದುದು. ಯಾವುದೇ ಒಂದು ಕ್ಷಣದಲ್ಲಿ ಗೋಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆ ಕುಳಿಯನ್ನು ಮುಟ್ಟಿರುವುದಿಲ್ಲ. ತಟ್ಟೆಯ ಮೇಲೆ ನಿಂಬೆಹಣ್ಣನ್ನು ನಿಲ್ಲಿಸಿದಂತೆ ಎನ್ನಬಹುದು. ಈ ಕಾರಣದಿಂದಲೇ ಮನುಷ್ಯನ ತೋಳು ಬೆನ್ನನ್ನು ತುರಿಸಬಲ್ಲದು, ಮರದ ಕೊಂಬೆಯನ್ನು ಹಿಡಿಯಬಲ್ಲದು, ಕವಣೆ ಬೀಸಬಲ್ಲದು. ಸ್ವಾತಂತ್ರ್ಯ ಹೆಚ್ಚಾದಷ್ಟೂ ಭದ್ರತೆ ಕಡಿಮೆಯಾಗಿದೆ. ಆ ಭದ್ರತೆಯನ್ನು ಎಲುಬಿಗೆ ಬದಲಾಗಿ ಸ್ನಾಯುಗಳು ಒದಗಿಸಬೇಕಾಗಿದೆ.

ಹೆಗಲೆಲುಬಿನಿಂದ ಹೊರಟು ಗೋಲವನ್ನು ಮುಂದೆ, ಮೇಲೆ, ಹಿಂದೆ ಅಪ್ಪಿಕೊಂಡಿರುವ ನಾಲ್ಕು ಸ್ನಾಯುಗಳಿವೆ: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಇವುಗಳ ಸ್ನಾಯುರಜ್ಜುಗಳು ಒಂದುಗೂಡಿ ಅಂಗಿಯ ತೋಳಿನ ಪಟ್ಟಿಯಂತೆ ಗೋಲವನ್ನು ಬಳಸಿರುವುದರಿಂದ ಇವನ್ನು ಒಟ್ಟಾಗಿ 'ರೊಟೇಟರ್ ಕಫ್' ಎಂದು ಕರೆಯುತ್ತಾರೆ. ಹೊರಗೆ ಉಬ್ಬಿ ಕಾಣುವ ಡೆಲ್ಟಾಯ್ಡ್ ಎಂಬ ದೊಡ್ಡ ಸ್ನಾಯು ತೋಳನ್ನು ಎತ್ತುತ್ತದೆ ನಿಜ. ಆದರೆ ಅದು ಒಂದೇ ಎಳೆದರೆ ಗೋಲ ಮೇಲಕ್ಕೆ ಜಾರಿ ಹೆಗಲ ತುದಿಯ ಎಲುಬಿಗೆ ತಾಗುತ್ತದೆ. ಆಗ ಈ ನಾಲ್ಕು ಚಿಕ್ಕ ಸ್ನಾಯುಗಳು ಗೋಲವನ್ನು ಕುಳಿಯ ನಡುವೆ ಒತ್ತಿ ಹಿಡಿಯುತ್ತವೆ. ಗರಡಿಮನೆಯಲ್ಲಿ ತಯಾರಾದ ಭಾರಿ ತೋಳಿನ ಪೈಲವಾನನೂ ಭುಜದ ನೋವೆಂದು ಬರುವುದುಂಟು. ಹೊರಗಿನದು ಬೆಳೆದು ಒಳಗಿನದು ಹಿಂದುಳಿದಿರುವುದೂ ಅದಕ್ಕೆ ಒಂದು ಕಾರಣವಾಗಿರಬಹುದು.

ಇನ್ನೊಂದು ಸಂಗತಿಯೂ ಇಲ್ಲಿ ಸೇರಬೇಕು. ತೋಳನ್ನು ಪಕ್ಕದಿಂದ ನೇರ ಮೇಲಕ್ಕೆ 180 ಡಿಗ್ರಿ ಎತ್ತಿದಾಗ ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಭುಜದ ಕೀಲಿನದು. ಉಳಿದ 60 ಡಿಗ್ರಿ ಬೆನ್ನಿನ ಮೇಲೆ ಹೆಗಲೆಲುಬು ತಿರುಗುವುದರಿಂದ ಬರುತ್ತದೆ. ಅಮೆರಿಕದ ಇನ್ಮನ್, ಸಾಂಡರ್ಸ್ ಮತ್ತು ಅಬಟ್ ಎಂಬವರು 1944ರಲ್ಲಿ ಈ ಎರಡಕ್ಕೆ ಒಂದರ ಲಯವನ್ನು ವರ್ಣಿಸಿದರು. ಆದುದರಿಂದ ಬೆನ್ನು ಬಾಗಿಸಿ, ಹೆಗಲನ್ನು ಮುಂದಕ್ಕೆ ಚೆಲ್ಲಿ ಉತ್ತರ ಪತ್ರಿಕೆಗಳನ್ನು ತಿದ್ದುತ್ತ ಕುಳಿತವರಿಗೆ ಆಮೇಲೆ ಕೈಯೆತ್ತುವಾಗ ತೊಡಕಾಗುವುದು ಸೋಜಿಗವಲ್ಲ.

ಈ ಸ್ನಾಯುಗಳಿಗೆ ಪೆಟ್ಟು ಬೀಳುವ ಬಗೆ ವಯಸ್ಸಿನೊಂದಿಗೆ ಬದಲಾಗುತ್ತದೆ. ಹುಡುಗರಲ್ಲಿ ಕಬಡ್ಡಿಯ ಅಂಕಣದಲ್ಲಿ ಚಾಚಿದ ಕೈಯ ಮೇಲೆ ಬೀಳುವುದರಿಂದ ಕೀಲು ತಪ್ಪುತ್ತದೆ ಅಥವಾ ಸ್ನಾಯು ಹಿಗ್ಗುತ್ತದೆ. ನಲವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ಒಂದೇ ಪೆಟ್ಟೆಂಬುದಿರುವುದಿಲ್ಲ. ಸ್ನಾಯುರಜ್ಜು ವರ್ಷಗಳಿಂದ ಸವೆಯುತ್ತ ಬಂದು, ಮದುವೆಯ ಮನೆಯಲ್ಲಿ ನೀರಿನ ಹಂಡೆ ಎತ್ತಿದ ದಿನವೋ ಗೋಡೆಗೆ ಸುಣ್ಣ ಹೊಡೆದ ದಿನವೋ ತನ್ನ ಇರವನ್ನು ತಿಳಿಸುತ್ತದೆ. ಅರವತ್ತು ದಾಟಿದ ಎಷ್ಟೋ ಜನರ ರಜ್ಜುವಿನಲ್ಲಿ ಹರಿತವಿದ್ದೂ ಅವರಿಗೆ ನೋವೇ ಇರುವುದಿಲ್ಲವೆಂಬುದು ಚಿತ್ರಪರೀಕ್ಷೆಗಳಿಂದ ತಿಳಿದುಬಂದಿದೆ. ಸ್ಕ್ಯಾನ್ ವರದಿಯಲ್ಲಿ 'ಹರಿದಿದೆ' ಎಂಬ ಪದವನ್ನು ಓದಿ ಧೈರ್ಯ ಕಳೆದುಕೊಳ್ಳುವವರು ಈ ಮಾತನ್ನು ನೆನಪಿನಲ್ಲಿಡಬೇಕು.

ನನ್ನದೇ ಒಂದು ಅನುಭವವನ್ನು ಹೇಳದಿರಲಾರೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಕಬಡ್ಡಿಯಲ್ಲಿ ಬಿದ್ದು ಎಡಭುಜ ಉಳುಕಿತು. ಉಳುಕು ತೆಗೆಯುವುದರಲ್ಲಿ ಹೆಸರಾದವರೊಬ್ಬರು ಕಂಕುಳಲ್ಲಿ ಕಾಲಿಟ್ಟು ಕೈಯನ್ನು ಎಳೆದರು. ಆಮೇಲೆ ಬಿಗಿಯಾಗಿ ಕಟ್ಟಿ ನಲವತ್ತು ದಿನ ಬಿಚ್ಚಕೂಡದೆಂದು ವಿಧಿಸಿದರು. ಕಟ್ಟು ಬಿಚ್ಚಿದಾಗ ನೋವು ಹೋಗಿತ್ತು, ಅದರೊಂದಿಗೆ ತೋಳಿನ ಚಲನೆಯೂ ಹೋಗಿತ್ತು. ಅಂಗಿಯನ್ನು ಇನ್ನೊಬ್ಬರು ತೊಡಿಸಬೇಕಾಗಿತ್ತು. ಮುಂದೆ ನಾನು ಈ ವಿದ್ಯೆಯನ್ನು ಆರಿಸಿಕೊಂಡದ್ದಕ್ಕೆ ಆ ನಲವತ್ತು ದಿನಗಳೂ ಕಾರಣವೆಂದು ತೋರುತ್ತದೆ.

ಭುಜದ ರೋಗಗಳ ಅಧ್ಯಯನಕ್ಕೆ ತಳಹದಿ ಹಾಕಿದವನು ಬಾಸ್ಟನ್ ನಗರದ ಅರ್ನೆಸ್ಟ್ ಅಮೋರಿ ಕಾಡ್‌ಮನ್ ಎಂಬ ಶಸ್ತ್ರವೈದ್ಯ. ಹರಿದ ಸುಪ್ರಾಸ್ಪೈನೇಟಸ್ ರಜ್ಜುವನ್ನು ಹೊಲಿದ ವಿಷಯವನ್ನು ಅವನು 1911ರಲ್ಲೇ ಪ್ರಕಟಿಸಿದ್ದನು. 1934ರಲ್ಲಿ ಹೊರಬಂದ ಅವನ 'ದಿ ಶೋಲ್ಡರ್' ಎಂಬ ಗ್ರಂಥದಲ್ಲಿಯೇ 'ಫ್ರೋಜನ್ ಶೋಲ್ಡರ್', ಅಂದರೆ ಹೆಪ್ಪುಗಟ್ಟಿದ ಭುಜ ಎಂಬ ಹೆಸರು ಮೊದಲು ಬಂದುದು. ಮುಂದಕ್ಕೆ ಬಾಗಿ ತೋಳನ್ನು ತೂಗಾಡಿಸುವ ವ್ಯಾಯಾಮವನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಈತನ ಬಾಳಿನಲ್ಲಿ ಇನ್ನೊಂದು ವಿಶೇಷವಿದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಪ್ರತಿಯೊಬ್ಬ ರೋಗಿಯೂ ಒಂದು ವರ್ಷದ ಮೇಲೆ ಹೇಗಿದ್ದಾನೆಂಬುದನ್ನು ವಿಚಾರಿಸಿ ಬರೆದಿಡತಕ್ಕದ್ದು, ಚಿಕಿತ್ಸೆ ಫಲಿಸದಿದ್ದರೆ ಏಕೆಂದು ಕೇಳಿಕೊಳ್ಳತಕ್ಕದ್ದು ಎಂದು ಅವನು ಹಟ ಹಿಡಿದನು. ಸಹೋದ್ಯೋಗಿಗಳಿಗೆ ಇದು ಸಹ್ಯವಾಗಲಿಲ್ಲ. 1914ರಲ್ಲಿ ಅವನು ತನ್ನ ಹುದ್ದೆಗೆ ರಾಜೀನಾಮೆ ಕೊಟ್ಟನು. 1940ರಲ್ಲಿ ತೀರಿಕೊಂಡ ಅವನ ಸಮಾಧಿಯ ಮೇಲೆ ಹೆಸರಿನ ಕಲ್ಲು ನಿಂತದ್ದು 2014ರಲ್ಲಿ. ಪರೀಕ್ಷೆಯ ಫಲಿತಾಂಶವನ್ನು ಪ್ರತಿವರ್ಷ ಪ್ರಕಟಿಸಬೇಕಾದ ಶಿಕ್ಷಕ ವೃಂದಕ್ಕೆ ಇವನ ಮೇಲೆ ಮಮತೆ ಹುಟ್ಟಬಹುದೆಂದು ಇಷ್ಟು ಬರೆದೆ.

ಇನ್ನು ಚಿಕಿತ್ಸೆಯ ಮಾತು. ಮೊದಲ ಒಂದೆರಡು ವಾರ ನೋವನ್ನು ಕೆರಳಿಸದೆ ಚಲನೆಯನ್ನು ಉಳಿಸಿಕೊಳ್ಳುವುದು ಗುರಿ. ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ಸೊಂಟದಿಂದ ಬಾಗಿ, ನೋಯುವ ತೋಳನ್ನು ಬಾವಿಗಿಳಿಸಿದ ಹಗ್ಗದಂತೆ ಸಡಿಲವಾಗಿ ಇಳಿಬಿಡಬೇಕು. ತೋಳನ್ನು ತಾನಾಗಿ ಬೀಸಬಾರದು. ಮೈಯನ್ನು ಹಿಂದೆ ಮುಂದೆ ಆಡಿಸಿದರೆ ತೋಳು ತಾನೇ ತೂಗುತ್ತದೆ. ಒಂದೆರಡು ನಿಮಿಷದಂತೆ ದಿನಕ್ಕೆ ಮೂರು ಸಲ ಸಾಕು. ಮೇಜಿನ ಮೇಲೆ ಬಟ್ಟೆ ಹಾಕಿ ಅದರ ಮೇಲೆ ಅಂಗೈಯಿಟ್ಟು ಒರೆಸುವಂತೆ ಮುಂದಕ್ಕೆ ಸರಿಸುವುದು ಎರಡನೆಯದು. ಅಂಗಾತ ಮಲಗಿ ಎರಡೂ ಕೈಗಳಿಂದ ಕೋಲು ಹಿಡಿದು, ಒಳ್ಳೆಯ ಕೈಯ ಬಲದಿಂದ ನೋಯುವ ಕೈಯನ್ನು ತಲೆಯತ್ತ ಒಯ್ಯುವುದು ಮೂರನೆಯದು. ರಾತ್ರಿ ನೋಯುವ ಮಗ್ಗುಲಿಗೆ ಮಲಗದೆ, ಅಂಗಾತ ಮಲಗಿ ಮೊಣಕೈ ಕೆಳಗೆ ದಿಂಬಿಟ್ಟುಕೊಂಡರೆ ನಿದ್ರೆ ಬರುತ್ತದೆ. ಭುಜದ ನೋವಿನಲ್ಲಿ ಕೆಟ್ಟ ಭಾಗವೆಂದರೆ ರಾತ್ರಿಯೇ.

ಇದರ ಜೊತೆಗೇ ಸ್ನಾಯುಗಳನ್ನು ಅಲುಗಿಸದೆ ಕೆಲಸಕ್ಕೆ ಹಚ್ಚುವ ಕ್ರಮವುಂಟು. ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ನಿಂತು, ಮೊಣಕೈಯನ್ನು ಮಡಚಿ ಪಕ್ಕೆಗೆ ತಾಗಿಸಿ, ಹಿಂಗೈಯಿಂದ ಚೌಕಟ್ಟನ್ನು ಹೊರಕ್ಕೆ ಒತ್ತಬೇಕು; ಐದರಿಂದ ಹತ್ತು ಸೆಕೆಂಡು ಹಿಡಿದು ಬಿಡಬೇಕು. ಹೀಗೆ ಹತ್ತು ಸಲ. ಆಮೇಲೆ ಅಂಗೈಯಿಂದ ಒಳಕ್ಕೆ ಒತ್ತುವುದು. ಚೌಕಟ್ಟು ಅಲುಗುವುದಿಲ್ಲ, ತೋಳೂ ಅಲುಗುವುದಿಲ್ಲ, ಒಳಗಿನ ಸ್ನಾಯು ಮಾತ್ರ ದುಡಿಯುತ್ತದೆ.

ನೋವು ತಗ್ಗುತ್ತ ಬಂದಂತೆ ಭಾರ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ನೋವು ಕಡಿಮೆಯಾಯಿತೆಂದು ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಸ್ನಾಯುರಜ್ಜು ಬಲಗೊಳ್ಳುವುದು ನಿಧಾನದ ಕೆಲಸ. ಹನ್ನೆರಡು ವಾರಗಳಿಗಿಂತ ಮೊದಲು ಅದರ ಬಗ್ಗೆ ತೀರ್ಪು ಕೊಡಬಾರದು. ಅಂಗಡಿಯಲ್ಲಿ ಸಿಗುವ ರಬ್ಬರ್ ಪಟ್ಟಿಯಿಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಆಯಿತು. ಅದನ್ನು ಕಿಟಕಿಯ ಸರಳಿಗೆ ಮೊಣಕೈ ಮಟ್ಟದಲ್ಲಿ ಕಟ್ಟಿ, ಪಕ್ಕೆ ಮತ್ತು ಮೊಣಕೈ ನಡುವೆ ಮಡಚಿದ ಟವೆಲ್ ಇಟ್ಟುಕೊಂಡು, ಮುಂಗೈಯನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಬೇಕು. ಎಳೆಯುವಾಗ ಎಷ್ಟು ಹೊತ್ತೋ ಅದರ ಎರಡರಷ್ಟು ಹೊತ್ತು ಹಿಂದಕ್ಕೆ ಬಿಡುವಾಗ. ಟವೆಲ್ ಜಾರಿ ಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿತೆಂದು ತಿಳಿಯತಕ್ಕದ್ದು. ಹತ್ತರಿಂದ ಹದಿನೈದು ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಅದೇ ಪಟ್ಟಿಯನ್ನು ಎದುರಿಗೆ ನಿಂತು ಎರಡೂ ಕೈಗಳಿಂದ ಹೊಟ್ಟೆಯತ್ತ ಎಳೆದು ಹೆಗಲೆಲುಬುಗಳನ್ನು ಹಿಂದೆ ಕೂಡಿಸಿದರೆ ಬೆನ್ನಿನ ಸ್ನಾಯುಗಳಿಗೆ ಕೆಲಸ. ದಂಡ ಹೊಡೆಯುವ ಬದಲು ಗೋಡೆಗೆ ಕೈಯೂರಿ ದಂಡದಂತೆ ಮಾಡಬಹುದು. ಅರ್ಧ ಲೀಟರಿನ ನೀರಿನ ಶೀಸೆ ಹಿಡಿದು ತೋಳನ್ನು ಹೆಗಲ ಮಟ್ಟದವರೆಗೆ ಎತ್ತುವುದು ಕೊನೆಗೆ. ಆಗ ತೋಳು ನೇರ ಪಕ್ಕಕ್ಕಿರದೆ ಸ್ವಲ್ಪ ಮುಂದಕ್ಕಿರಲಿ.

ಎಷ್ಟು ನೋವನ್ನು ಸಹಿಸಬಹುದೆಂಬುದು ಎಲ್ಲರ ಪ್ರಶ್ನೆ. ಹತ್ತು ಅಂಕಗಳಲ್ಲಿ ಮೂರು ನಾಲ್ಕಕ್ಕೆ ಮೀರದ ನೋವು ವ್ಯಾಯಾಮದ ಹೊತ್ತಿನಲ್ಲಿ ಬಂದರೆ ಭಯಪಡಬೇಕಿಲ್ಲ; ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರವನ್ನು ಅರ್ಧಕ್ಕೆ ತಗ್ಗಿಸುವುದು, ನಿಲ್ಲಿಸುವುದಲ್ಲ.

ನಮ್ಮ ಗುರುಗಳು ಇದನ್ನೆಲ್ಲ ಪಾಠದಂತೆ ಒಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಆರನೆಯ ವಾರದಿಂದ ಅವರಿಗೆ ಕರಿಹಲಗೆಯನ್ನೇ ವ್ಯಾಯಾಮವಾಗಿ ಮಾಡಿದೆವು. ಹೆಗಲಿನ ಮಟ್ಟದಲ್ಲಿ ಒಂದು ಗೆರೆ ಎಳೆದು ಅದರ ಮೇಲೆ ಬರೆಯುವುದು. ಪ್ರತಿ ವಾರ ಗೆರೆಯನ್ನು ನಾಲ್ಕು ಬೆರಳು ಏರಿಸುವುದು. ಮಕ್ಕಳಿಗೆ ಆ ಗೆರೆಯ ಗುಟ್ಟು ತಿಳಿದು, ಸೋಮವಾರ ಬಂತೆಂದರೆ ಅಳತೆ ಮಾಡಲು ಸ್ಪರ್ಧೆ ನಡೆಯುತ್ತಿತ್ತಂತೆ. ಹದಿನಾರನೆಯ ವಾರಕ್ಕೆ ಗೆರೆ ಅವರ ನೆತ್ತಿಯನ್ನು ದಾಟಿ ಅಲ್ಲಿ ನಿಂತಿತು. ಹಲಗೆಯ ತುತ್ತತುದಿ ಅವರಿಗೆ ಮರಳಿ ಸಿಗಲಿಲ್ಲ. ಅಲ್ಲಿಗೆ ಬರೆಯಬೇಕಾದಾಗ ಕಾಲಡಿಗೆ ಒಂದು ಮಣೆ ಹಾಕಿಕೊಂಡರು. ಮೂರು ವರ್ಷವನ್ನೂ ಪೂರೈಸಿಯೇ ನಿವೃತ್ತರಾದರು.

ಒಬ್ಬರ ಕಥೆಯಿಂದ ಚಿಕಿತ್ಸೆಯ ಗುಣವನ್ನು ನಿರ್ಣಯಿಸಲಾಗದು. ಕಾಡ್‌ಮನ್ ಕೇಳಿದ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಬೇಕಾಗುತ್ತದೆ. 1972ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರು, ಹೆಗಲ ತುದಿಯ ಎಲುಬು ರಜ್ಜುವನ್ನು ಉಜ್ಜುವುದೇ ನೋವಿಗೆ ಕಾರಣವೆಂದು ವಾದಿಸಿ, ಆ ಎಲುಬಿನ ಅಡಿಯನ್ನು ಕೆತ್ತುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಮುಂದಿನ ದಶಕಗಳಲ್ಲಿ ಅದು ಬಹಳವಾಗಿ ಹಬ್ಬಿತು. ಬ್ರಿಟನ್ನಿನಲ್ಲಿ ಇದನ್ನು ಪರೀಕ್ಷಿಸಲು ಕೆಲವರಿಗೆ ಎಲುಬು ಕೆತ್ತಿದರು, ಕೆಲವರಿಗೆ ದುರ್ಬೀನನ್ನು ಒಳಗಿಟ್ಟು ನೋಡಿ ಏನನ್ನೂ ಕೆತ್ತದೆ ಹೊಲಿದರು, ಕೆಲವರಿಗೆ ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಕೆತ್ತಿಸಿಕೊಂಡವರಿಗೂ ಕೆತ್ತಿಸಿಕೊಳ್ಳದವರಿಗೂ ವ್ಯತ್ಯಾಸವಿರಲಿಲ್ಲ. ಚಿಕಿತ್ಸೆಯೇ ಇಲ್ಲದವರಿಗಿಂತಲೂ ಅವರು ಗಣನೀಯವಾಗಿ ಮೇಲಾಗಿರಲಿಲ್ಲ. ಪೆಟ್ಟಿಲ್ಲದೆ ಸವೆದು ರಜ್ಜು ಪೂರ್ತಿ ಹರಿದವರಿಗೆ ವ್ಯಾಯಾಮ ಮಾಡಿಸಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಅವರ ಪೈಕಿ ಕಾಲುಭಾಗಕ್ಕಿಂತ ಕಡಿಮೆ ಜನ ಶಸ್ತ್ರಚಿಕಿತ್ಸೆಗೆ ಹೋದರು.

ಆದರೆ ನನ್ನಂಥವರ ಗರ್ವವನ್ನು ಇಳಿಸಿದ ಪರೀಕ್ಷೆ ಬೇರೆಯದು. 2021ರಲ್ಲಿ ಅದೇ 'ಲ್ಯಾನ್ಸೆಟ್'ನಲ್ಲಿ 708 ರೋಗಿಗಳ ಬ್ರಿಟಿಷ್ ಅಧ್ಯಯನವೊಂದು ಬಂದಿತು. ಒಂದು ಗುಂಪಿನವರು ಭೌತಚಿಕಿತ್ಸಕರಲ್ಲಿಗೆ ಆರು ಸಲದವರೆಗೆ ಹೋಗಿ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದರು. ಇನ್ನೊಂದು ಗುಂಪಿನವರಿಗೆ ಒಂದೇ ಒಂದು ಸಲ ಚೆನ್ನಾಗಿ ವಿವರಿಸಿ, ವ್ಯಾಯಾಮಗಳನ್ನು ಕಲಿಸಿ, ಪುಸ್ತಿಕೆಯನ್ನು ಕೊಟ್ಟು ಮನೆಗೆ ಕಳುಹಿಸಿದರು. ವರ್ಷದ ಕೊನೆಗೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೂ ದೀರ್ಘಕಾಲದ ಲಾಭ ಕಾಣಲಿಲ್ಲ. ಮೊದಲಿಗೆ ನನಗೆ ಇದು ಅಪ್ರಿಯವಾಗಿ ತೋರಿತು. ವಿಚಾರ ಮಾಡಿದಾಗ, ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಎರಡು ತಾಸು ಹೋಗಬೇಕಾದ ನಮ್ಮ ಹಳ್ಳಿಗಳಿಗೆ ಇದಕ್ಕಿಂತ ಶುಭವಾರ್ತೆ ಇನ್ನೊಂದಿಲ್ಲವೆನ್ನಿಸಿತು. ಒಂದು ಸಲ ಸರಿಯಾಗಿ ಕಲಿಸಿದರೆ, ಕಲಿತವರು ನಿಷ್ಠೆಯಿಂದ ಅಭ್ಯಾಸ ಮಾಡಿದರೆ, ಬಹುಪಾಲು ಕಾರ್ಯ ಆದಂತೆಯೇ.

ಎಣ್ಣೆ ತಿಕ್ಕುವುದು, ಬಿಸಿನೀರಿನ ಶಾಖ, ಇವು ಹಿತ ಕೊಡುತ್ತವೆ. ಹಿತಕ್ಕಾಗಿ ಮಾಡಿಕೊಳ್ಳಲು ಅಡ್ಡಿಯಿಲ್ಲ. ರಜ್ಜುವಿಗೆ ಬಲ ಮಾತ್ರ ಅವುಗಳಿಂದ ಬರದು.

ಸಕ್ಕರೆ ಕಾಯಿಲೆ ಇರುವವರ ವಿಚಾರ ಸ್ವಲ್ಪ ಬೇರೆ. ಅವರಲ್ಲಿ ಕೀಲನ್ನು ಸುತ್ತಿದ ಚೀಲವೇ ದಪ್ಪಗಾಗಿ ಬಿಗಿದುಕೊಳ್ಳುವ ಹೆಪ್ಪುಭುಜ ಹೆಚ್ಚು. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ಈ ರೋಗ ಮಧುಮೇಹಿಗಳಲ್ಲಿ 10ರಿಂದ 20 ಮಂದಿಗೆ ಬರುತ್ತದೆಂದು ಲೆಕ್ಕ ಹಾಕಿದ್ದಾರೆ. ಇಲ್ಲಿ ಇನ್ನೊಬ್ಬರು ಹಿಡಿದೆತ್ತಿದರೂ ತೋಳು ಏಳುವುದಿಲ್ಲ. ಸ್ನಾಯುವಿನ ರೋಗದಲ್ಲಾದರೆ ಏಳುತ್ತದೆ. ಗುರುತಿಸಲು ಇದೊಂದು ಸುಲಭದ ಉಪಾಯ. ಹೆಪ್ಪುಭುಜ ಸಡಿಲಗೊಳ್ಳಲು ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ನೋವು ತೀವ್ರವಾಗಿರುವ ಆರಂಭದ ತಿಂಗಳುಗಳಲ್ಲಿ ಬಲವಂತದ ಎಳೆತದಿಂದ ಕೆಡುಕೇ ಹೆಚ್ಚು. ಅಲ್ಲಿ ಕೀಲಿನೊಳಗಿನ ಚುಚ್ಚುಮದ್ದಿಗೂ ಸ್ಥಾನವಿದೆ. ಆದರೆ ಮಧುಮೇಹಿಗಳಿಗೆ ಅದರಿಂದ ಕೆಲವು ದಿನ ರಕ್ತದ ಸಕ್ಕರೆ ಏರುವುದರಿಂದ ವೈದ್ಯರ ನಿಗಾ ಬೇಕು.

ವ್ಯಾಯಾಮವನ್ನು ನೆಚ್ಚಿ ಕೂರಬಾರದ ಸಂದರ್ಭಗಳೂ ಉಂಟು. ಬಿದ್ದ ಮೇಲೆ ಭುಜದ ಆಕಾರವೇ ಬದಲಾಗಿದ್ದರೆ, ನಲವತ್ತು ದಾಟಿದವರು ಬಿದ್ದೊಡನೆ ತೋಳೆತ್ತುವ ಶಕ್ತಿ ಪೂರ್ತಿ ಹೋದರೆ, ಕೈ ಮರಗಟ್ಟಿದರೆ, ಭುಜ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಪೆಟ್ಟಿನಿಂದ ಹರಿದ ರಜ್ಜುವನ್ನು ಹೊಲಿಯುವುದಾದರೆ ತಿಂಗಳುಗಟ್ಟಲೆ ಕಾಯಿಸಬಾರದು. ಎಡಭುಜದ ನೋವಿನೊಂದಿಗೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಭುಜದ ಮಾತೇ ಅಲ್ಲ, ಹೃದಯದ್ದಿರಬಹುದು. ಆಟದಲ್ಲಿ ಕೀಲು ತಪ್ಪಿದ ಹುಡುಗನ ಕೈಯನ್ನು ಅಂಕಣದಲ್ಲೇ ಜಗ್ಗುವ ಸಾಹಸವನ್ನು ಯಾರೂ ಮಾಡಬಾರದು. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಕೀಲು ಮತ್ತೆ ಮತ್ತೆ ತಪ್ಪುವ ಸಂಭವ ಹೆಚ್ಚು, ಅದಕ್ಕೆ ಕ್ರಮಬದ್ಧವಾದ ಚಿಕಿತ್ಸೆ ಬೇಕು.

ಶಸ್ತ್ರಚಿಕಿತ್ಸೆಯಾದವರೂ ಧೈರ್ಯಗೆಡಬೇಕಿಲ್ಲ. ನಮ್ಮವರೇ ಆದ ಅನಿಲ್ ಕುಂಬ್ಳೆ ಅವರು ಬೌಲ್ ಮಾಡುವ ಭುಜದ ಶಸ್ತ್ರಚಿಕಿತ್ಸೆಯ ಕಾರಣ 2001ರಲ್ಲಿ ಆಸ್ಟ್ರೇಲಿಯಾ ತಂಡದ ಎದುರಿನ ಟೆಸ್ಟ್ ಸರಣಿಯನ್ನು ಆಡಲಾಗಲಿಲ್ಲ. ಅವರು ನಿವೃತ್ತರಾದದ್ದು 2008ರಲ್ಲಿ, 619 ಟೆಸ್ಟ್ ವಿಕೆಟ್‌ಗಳೊಂದಿಗೆ. ಎಲ್ಲರಿಗೂ ಅವರಿಗಿದ್ದ ಅನುಕೂಲಗಳಿರುವುದಿಲ್ಲವೆಂಬುದನ್ನು ಬಲ್ಲೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಶಾಲೆಯ ಆರೋಗ್ಯ ಕೊಠಡಿಗೆ ಭುಜ, ಸೊಂಟಗಳ ನೋವಿಗಾಗಿ ಅಲ್ಟ್ರಾಸೌಂಡ್ ಯಂತ್ರವನ್ನು ಕೊಡಿಸುವ ಉದಾರ ಬಯಕೆಯನ್ನು ದಾನಿಗಳೊಬ್ಬರು ವ್ಯಕ್ತಪಡಿಸಿದ್ದಾರೆಂದು ಕೇಳಿ ಸಂತೋಷವಾಯಿತು. ಅವರ ಔದಾರ್ಯಕ್ಕೆ ತಲೆಬಾಗಿಯೇ ಹೇಳುತ್ತೇನೆ: ಭುಜದ ಸ್ನಾಯುಗಳ ನೋವಿಗೆ ಆ ಯಂತ್ರದಿಂದ ವ್ಯಾಯಾಮಕ್ಕಿಂತ ಹೆಚ್ಚಿನ ಗುಣ ಕಂಡುಬಂದಿಲ್ಲ. ಆ ಹಣದಲ್ಲಿ ತರಬೇತಾದ ಭೌತಚಿಕಿತ್ಸಕರೊಬ್ಬರನ್ನು ತಿಂಗಳಿಗೊಮ್ಮೆ ಕರೆಸಿ, ಶಿಕ್ಷಕರಿಗೂ ಪ್ರಸಾದ ನಿಲಯದ ಅಡುಗೆಯವರಿಗೂ ವ್ಯಾಯಾಮ ಕಲಿಸುವ ಏರ್ಪಾಡು ಮಾಡಿದರೆ ಹಲವು ವರ್ಷ ನಡೆಯುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ಮೇಲೆ ಮೊದಲ ದಿನದ ಪಾಠಕ್ಕೆ ನಾನೇ ಬರಲು ಸಿದ್ಧನಿದ್ದೇನೆ. ಅಷ್ಟರೊಳಗೆ ಇಪ್ಪತ್ತು ಹಳೆಯ ಸೈಕಲ್ ಟ್ಯೂಬುಗಳನ್ನು ಕೂಡಿಸಿಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಪ್ರಾರ್ಥಿಸುತ್ತೇನೆ.